ನಾಲ್ಕು ವರ್ಷವೆಂದು ಕೇಳಿದ ಪ್ರಸಾದ

ಬಲಗಡೆಯಲ್ಲಿ ಮೇಲಿನಿಂದ ಎರಡನೆಯ ಹೂವು ಮೊದಲು ಜಾರಿತು. ಕೇಪಳದ ಹೂವು. ತೊಟ್ಟು ಕಿತ್ತು, ನೀರಿನಲ್ಲಿ ಅದ್ದಿ, ಅಮ್ಮನವರ ಕರಿಕಲ್ಲಿನ ಮೇಲೆ ಎಡಕ್ಕೆ ಐದು, ಬಲಕ್ಕೆ ಐದು ಅಂಟಿಸಿದ್ದು. ಅದು ಒಂದು ಬೆರಳಿನಷ್ಟು ಕೆಳಗಿಳಿದು ನಿಂತಿತು. ಆಮೇಲೆ ಅಡಿಯಲ್ಲಿ ಹಾಸಿದ್ದ ಬಾಳೆಲೆಯ ಮೇಲೆ ಬಿತ್ತು. ಸಪ್ಪಳ ಬರುವಷ್ಟು ಭಾರದ ವಸ್ತುವಲ್ಲ ಅದು. ಆದರೂ ನನ್ನ ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಅಪ್ಪ ಸಪ್ಪಳ ಕೇಳಿದವನ ಹಾಗೆ ಉಸಿರು ಬಿಟ್ಟ.

“ಆತು,” ಅಂದರು ಗುನಗರು. “ಬಲ ಕೊಟ್ಟಾಯ್ತು. ಇನ್ನೆಂತ ಯೋಚ್ನೆ ಬೇಡ.”

ಗುನಗರು ಎಂದರೆ ನಮ್ಮೂರ ಅಮ್ಮನವರ ಗುಡಿಯ ಪೂಜೆಯವರು. ನಮ್ಮೂರು ಧಾರೇಶ್ವರದ ಪಕ್ಕದಲ್ಲಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿದೆ. ಅಲ್ಲಿ ಬಾವಿ ತೋಡಬೇಕಾದರೂ ಮಗಳನ್ನು ಕೊಡಬೇಕಾದರೂ ಮೊದಲು ಅಮ್ಮನವರ ಹತ್ತಿರ ಪ್ರಸಾದ ಕೇಳುತ್ತಾರೆ. ಬಲದ ಹೂ ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಇದಕ್ಕೆ ಕೆಲವು ಕಟ್ಟಳೆಗಳಿವೆ. ಒಂದು ಸಲಕ್ಕೆ ಒಂದೇ ಮಾತು ಕೇಳಬೇಕು. ಕೇಳಿದ ಮಾತನ್ನು ಮತ್ತೆ ಕೇಳುವಂತಿಲ್ಲ. ಕೇಳುವಾಗ ಏನನ್ನೂ ಮುಚ್ಚಿಡಬಾರದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯ ಬಂದಿರಲಿಲ್ಲ.

ಅಪ್ಪ ಕೇಳಿಸಿದ ಮಾತು ಹೀಗಿತ್ತು: “ಹೆಣ್ಣು ಮಗು ಭಟ್ಕಳದ ಕಾಲೇಜಲ್ಲಿ, ಮನೆಯಿಂದ ಹೋಗಿ ಬಂದು, ನಾಕು ವರ್ಷದ ಓದು ಮಾಡೂದು. ಸಸೂತ್ರ ಆತದೆ ಹೇಳಾದ್ರೆ ಬಲ ಕೊಡೂಕೆ ಹೇಳಿ.”

ಗುನಗರು ಅದನ್ನೇ ರಾಗವಾಗಿ ಅಮ್ಮನವರಿಗೆ ಒಪ್ಪಿಸಿದರು. ನಾಕು ವರ್ಷ ಎಂಬ ಮಾತು ಎರಡು ಸಲ ಬಂತು. ಎರಡು ಸಲವೂ ನಾನು ನೆಲ ನೋಡಿದೆ. ನಾನು ಭಟ್ಕಳದಲ್ಲಿ ಓದುವುದು ಒಂದೇ ವರ್ಷ ಎಂದು ಆಗಲೇ ನಿರ್ಧರಿಸಿದ್ದೆ.

ಅಪ್ಪನದು ಹೊನ್ನಾವರ ಪೇಟೆಯಲ್ಲಿ ರೇಡಿಯೋ, ಟಿವಿ, ಮಿಕ್ಸರ್ ರಿಪೇರಿಯ ಅಂಗಡಿ. ಒಂದು ಬಾಗಿಲು, ಒಂದು ಮೇಜು, ಹಿಂದೆ ಕಪಾಟು. ರಿಪೇರಿಗೆ ಬಂದ ಪ್ರತಿ ಸಾಮಾನಿಗೂ ಹಳೆಯ ಲಗ್ನಪತ್ರಿಕೆಯ ಒಂದು ತುಂಡು ಕಟ್ಟಿ, ಅದರ ಹಿಂಬದಿಯಲ್ಲಿ ತಂದವರ ದೂರನ್ನು ಅವರ ಮಾತಿನಲ್ಲೇ ಬರೆದಿಡುತ್ತಿದ್ದ. “ಮಳೆ ಬಂದಂಗೆ ಕಾಣ್ತದೆ.” “ಹೊಡೆದ್ರೆ ಮಾತ್ರ ಹಾಡ್ತದೆ.” “ಮಾವ ಬಂದ ದಿನದಿಂದ ಬಂದ್.” ದೂರನ್ನು ತಾನು ತಿದ್ದಿ ಬರೆದರೆ ಹುಡುಕುವ ದಾರಿ ತಪ್ಪುತ್ತದೆ ಎಂದು ಅವನ ನಂಬಿಕೆ. ಅವನಿಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಜನ ಕೈಜಾರಿ ಬೀಳಿಸಿರುತ್ತಾರೆ, ತಾನಾಗಿ ಹಾಳಾಯಿತು ಎನ್ನುತ್ತಾರೆ.

“ಬಿದ್ದದ್ದು ಒಂದು ಹೇಳಿಬಿಟ್ರೆ ಹತ್ತು ನಿಮಿಷದ ಕೆಲಸ,” ಅನ್ನುತ್ತಿದ್ದ. “ಹೇಳೂದಿಲ್ಲ. ನಾ ಎರಡು ದಿನ ಇಡೀ ಸೆಟ್ಟು ಬಿಚ್ಕಂಡು ಕೂರೂದು.”

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಪೇಟೆಯ ಒಬ್ಬ ಡಾಕ್ಟರು ತಮ್ಮ ಇಸಿಜಿ ಯಂತ್ರವನ್ನು ಅಪ್ಪನ ಅಂಗಡಿಗೆ ಕಳಿಸಿದರು. ಅಪ್ಪ ಅದನ್ನು ಒರೆಸಿ ಮೇಜಿನ ಮೇಲಿಟ್ಟ. ಕರೆಂಟು ಬರುವ ದಾರಿಯನ್ನೆಲ್ಲ ಮೀಟರು ಹಿಡಿದು ನೋಡಿದ. ಮುಂದೆ ಹೋಗಲಿಲ್ಲ. “ಇದು ಮನಷ್ಯರ ಎದೆಗೆ ಹಚ್ಚೂ ಸಾಮಾನು. ಹಾಡು ಕೇಳೂದಲ್ಲ. ನಂಗೆ ಬತ್ತದೆ ಹೇಳಿ ಕೈ ಹಾಕೂಕಾಗ,” ಅಂದ. ಹುಬ್ಬಳ್ಳಿಯಿಂದ ಕಂಪನಿಯವರು ಬರುವವರೆಗೆ ಹತ್ತೊಂಬತ್ತು ದಿನ ಅದು ಅಲ್ಲೇ ಕೂತಿತ್ತು. ಬಂದವನು ಚಿಕ್ಕ ವಯಸ್ಸಿನವನು. ರೋಗಿಯ ಮೈಗೆ ಹೋಗುವ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಮಡಿಸುತ್ತ ಬಂದ. ಐದನೆಯದರಲ್ಲಿ ನಿಂತ. ಹೊರಗಿನ ರಬ್ಬರು ಸರಿಯಾಗಿಯೇ ಇತ್ತು, ಒಳಗಿನ ತಂತಿ ತುಂಡಾಗಿತ್ತು. ಹೊಸದು ಹಾಕಿ, ಚಹಾ ಕುಡಿದು ಹೋದ. ಅವನು ಬಿಟ್ಟುಹೋದ ಹಳೆಯ ತಂತಿಯನ್ನು ನಾನು ಮನೆಗೆ ತಂದು ಕಂಪಾಸ್ ಪೆಟ್ಟಿಗೆಯಲ್ಲಿ ಸುತ್ತಿಟ್ಟೆ. ಆ ಕೆಲಸಕ್ಕೆ ಬಯೋಮೆಡಿಕಲ್ ಇಂಜಿನಿಯರಿಂಗ್ ಎಂಬ ಓದು ಇದೆಯೆಂದು ಕುಮಟೆಯಲ್ಲಿ ಪಿಯುಸಿ ಓದುವಾಗ ಗೊತ್ತಾಯಿತು.

ಆಗ, ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಗಳಾಗಿದ್ದಾಗ, ಆ ಓದು ರಾಜ್ಯದಲ್ಲಿ ಕೆಲವೇ ಕಾಲೇಜುಗಳಲ್ಲಿತ್ತು. ನಮ್ಮ ಕರಾವಳಿಯಲ್ಲಿ ನಾನು ವಿಚಾರಿಸಿದ ಯಾವುದರಲ್ಲೂ ಇರಲಿಲ್ಲ. ಭಟ್ಕಳದಲ್ಲಿ ಎಲೆಕ್ಟ್ರಾನಿಕ್ಸ್ ಇತ್ತು. ಅಪ್ಪನಿಗೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಂದು ಬಸ್ಸಿನಲ್ಲಿ ಹೋಗಿ ಬರಬಹುದು, ಇನ್ನೊಂದಕ್ಕೆ ಹಾಸ್ಟೆಲ್ಲು ಬೇಕು. ಅವನ ಲೆಕ್ಕಕ್ಕೆ ಅಷ್ಟೇ.

ನಾನು ಬೇರೆ ಲೆಕ್ಕ ಹಾಕಿದೆ. ಸಿಇಟಿಯ ಪುಸ್ತಿಕೆಯ ಕೊನೆಯ ಪುಟಗಳಲ್ಲಿ ಒಂದು ನಿಯಮವಿತ್ತು. ಮೊದಲ ವರ್ಷದ ಎಲ್ಲ ವಿಷಯ ಪಾಸಾದವರು, ಬೇರೆ ಕಾಲೇಜಿನಲ್ಲಿ ಸೀಟು ಖಾಲಿ ಇದ್ದರೆ, ಮೂರನೆಯ ಸೆಮಿಸ್ಟರಿಗೆ ಅಲ್ಲಿಗೆ, ಬ್ರಾಂಚು ಬದಲಿಸಿಯೂ ಹೋಗಬಹುದು. ಮೊದಲ ವರ್ಷದ ಪಾಠ ಎಲ್ಲ ಬ್ರಾಂಚಿಗೂ ಒಂದೇ. ಬಯೋಮೆಡಿಕಲ್ ಸೇರಿದವರಲ್ಲಿ ಕೆಲವರು ಮರುವರ್ಷ ಮತ್ತೆ ಪರೀಕ್ಷೆ ಬರೆದು ಎಂಬಿಬಿಎಸ್‌ಗೆ ಹೋಗುತ್ತಾರೆಂದು ಕೇಳಿದ್ದೆ. ಅಂದರೆ ಸೀಟು ಖಾಲಿಯಾಗುತ್ತದೆ. ಆ ಪುಟದ ಮೂಲೆ ಮಡಿಸಿದೆ. ಅಪ್ಪನೊಡನೆ ವಾದ ಮಾಡುವುದು ಬೇಡ, ಅಳುವುದು ಬೇಡ, ಒಂದು ವರ್ಷ ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ನನಗೆ ಚಿಕ್ಕಂದಿನಿಂದಲೂ ಬರುತ್ತಿತ್ತು. ಅದನ್ನು ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಗುಡಿಯಲ್ಲಿ ಹೂ ಬಿದ್ದ ಮೇಲೆ ನಾವು ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋದೆವು. ದೊಡ್ಡ ಹಾಲಿನಲ್ಲಿ ರ‍್ಯಾಂಕಿನ ಪ್ರಕಾರ ಕೂರಿಸಿ, ಹತ್ತು ಹತ್ತು ಮಂದಿಯನ್ನು ಒಳಗೆ ಕರೆಯುತ್ತಿದ್ದರು. ಒಳಗೆ ಕಂಪ್ಯೂಟರು. ನನ್ನ ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತ. ರಾತ್ರಿ ಬಸ್ಸಿನಲ್ಲಿ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು, ಕನ್ನಡಕ ಹೊರಗಿಟ್ಟ ಚೀಲದಲ್ಲಿ ಉಳಿದಿತ್ತು. ಪರದೆಯ ಮೇಲೆ ಕಾಲೇಜುಗಳ ಹೆಸರು, ಎದುರಿಗೆ ಉಳಿದ ಸೀಟುಗಳ ಸಂಖ್ಯೆ. ಬೆಂಗಳೂರಿನ ಒಂದು ಕಾಲೇಜಿನ ಬಯೋಮೆಡಿಕಲ್ಲಿನ ಎದುರು ಒಂದು ಎಂಬ ಅಂಕಿ ಇತ್ತು. ನನ್ನ ಸರದಿ ಬರುವಾಗ ಅದು ಮುಗಿದಿರುತ್ತದೆ ಎಂದೇ ನಾನು ನಂಬಿದ್ದೆ. ಮುಗಿದಿರಲಿಲ್ಲ.

“ಎಂತ ಅದೆ?” ಎಂದು ಅಪ್ಪ ಕೇಳಿದ.

“ಭಟ್ಕಳ ಅದೆ,” ಅಂದೆ.

ಕಂಪ್ಯೂಟರಿನ ಮುಂದಿದ್ದ ಹೆಂಗಸು ಗುಂಡಿ ಒತ್ತಿದರು. ನಾವು ಹೊರಗೆ ಬರುವಷ್ಟರಲ್ಲಿ ಆ ಒಂದು ಬೇರೆ ಯಾರದೋ ಆಗಿರಬೇಕು. ಆ ಸೀಟಿನ ವಿಷಯವನ್ನು ಅಪ್ಪನಿಗೆ ನಾನು ಇಂದಿಗೂ ಹೇಳಿಲ್ಲ.

ಧಾರೇಶ್ವರದ ನಿಲ್ದಾಣದಲ್ಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸು. ಹೊನ್ನಾವರದಲ್ಲಿ ಹತ್ತು ನಿಮಿಷ ನಿಂತು, ಶರಾವತಿಯ ಸೇತುವೆ ದಾಟಿ ಭಟ್ಕಳ ಮುಟ್ಟುವಾಗ ಎಂಟೂವರೆ. ಎಷ್ಟೋ ದಿನ ಹೊನ್ನಾವರದವರೆಗೆ ಅಪ್ಪನೂ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಇಳಿಯುವಾಗ ಕಂಡಕ್ಟರಿಗೆ, “ನಮ್ಮ ಹುಡುಗಿ ಅದೆ, ಭಟ್ಕಳಕ್ಕೆ,” ಎಂದು ದಿನವೂ ಹೇಳುತ್ತಿದ್ದ. ಒಂದು ದಿನ ಕಂಡಕ್ಟರು, “ಗೊತ್ತದೆ ಮಾರಾಯಾ. ನಾಕು ವರ್ಷವೂ ಹೀಂಗೇ ಹೇಳ್ತ್ಯಾ?” ಅಂದ. ಬಸ್ಸಿನಲ್ಲಿದ್ದವರು ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ.

ಚೆನ್ನಾಗಿಯೇ ಓದಿದೆ. ಪಾಸಾಗುವುದು ಮಾತ್ರವಲ್ಲ, ಒಳ್ಳೆಯ ಅಂಕವೂ ಬೇಕಿತ್ತು. ಬೆಂಗಳೂರಿನ ಮೂರು ಕಾಲೇಜುಗಳಿಗೆ ಪತ್ರ ಬರೆದು, ಉತ್ತರಕ್ಕೆ ಭಟ್ಕಳದ ಕಾಲೇಜಿನ ವಿಳಾಸ ಕೊಟ್ಟೆ. ಈ ಯೋಜನೆಯನ್ನು ನಾನು ಹೇಳಿದ್ದು ಒಬ್ಬಳಿಗೇ, ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ. ಅವಳ ಮನೆಮಾತು ಭಟ್ಕಳದ ಮುಸಲ್ಮಾನರಾಡುವ ನವಾಯತಿ. ನನ್ನ ಹತ್ತಿರ ಕನ್ನಡ. ಪರೀಕ್ಷೆ ಮುಗಿದ ಮಧ್ಯಾಹ್ನ ಅವಳ ಚಿಕ್ಕಮ್ಮನ ಮನೆಗೆಂದು ತೆಂಗಿನಗುಂಡಿಗೆ ಹೋಗಿದ್ದೆವು. ದಡದಲ್ಲಿ ಒಣಹಾಕಿದ ಬಲೆಗಳನ್ನು ದಾಟಿ ನಡೆಯುವಾಗ ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, “ನಂಗೆ ಹೇಳಿದ್ಯಲ್ಲ, ಸಂತೋಷ,” ಅಂದಳು. “ಆದ್ರೆ ಸಹಿ ನಾನು ಮಾಡೂದಾ?”

ಮನೆಗೆ ಬಂದು ನಿಯಮದ ಪುಟವನ್ನು ಮತ್ತೆ ತೆಗೆದು ಓದಿದೆ. ತಂದೆ ಅಥವಾ ಪೋಷಕರ ಸಹಿ ಎಂದು ಕೆಳಗಿನ ಸಾಲಿನಲ್ಲಿತ್ತು. ವರ್ಷವಿಡೀ ಆ ಸಾಲು ಅಲ್ಲೇ ಇತ್ತು.

ಉತ್ತರ ಬಂದದ್ದು ಮುಂದಿನ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ. ಮೂರರಲ್ಲಿ ಒಂದು ಕಾಲೇಜು ಮಾತ್ರ ಬರೆದಿತ್ತು. ಬಯೋಮೆಡಿಕಲ್‌ನಲ್ಲಿ ಒಂದು ಸೀಟು ಖಾಲಿ ಇದೆ. ಅರ್ಜಿಯನ್ನು ಎಂಟು ದಿನದೊಳಗೆ, ಈಗಿನ ಕಾಲೇಜಿನ ಒಪ್ಪಿಗೆಯೊಂದಿಗೆ ತಲುಪಿಸಬೇಕು. ಪರದೆಯ ಮೇಲೆ ಒಂದು ಎಂದು ಕಂಡ ಅದೇ ಕಾಲೇಜು. ಪತ್ರವನ್ನು ಐದು ದಿನ ಚೀಲದಲ್ಲಿ ಹೊತ್ತು ತಿರುಗಿದೆ. ಬಸ್ಸಿನಲ್ಲಿ ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದ. ಪೀಠಿಕೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಹೊನ್ನಾವರ ಬರುತ್ತಿತ್ತು.

ಐದನೆಯ ದಿನ ಕಾಲೇಜು ಬೇಗ ಬಿಟ್ಟಿತು. ಹೊನ್ನಾವರದಲ್ಲಿ ಇಳಿದು ಅಂಗಡಿಗೆ ಹೋದೆ. ಅಪ್ಪ ಒಂದು ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಪಕ್ಕದ ಅಂಗಡಿಯ ಟೇಲರ್ ಮಾಮ ನನ್ನನ್ನು ಕಂಡು ಹೊಲಿಗೆ ನಿಲ್ಲಿಸದೆಯೇ ಅಪ್ಪನಿಗೆ ಹೇಳಿದ, “ಬಂದ್ರು ನೋಡು ಇಂಜಿನಿಯರ್ ಬಾಯಿ. ಇನ್ನು ಇಸ್ತ್ರಿಪೆಟ್ಟಿಗೆ ಬಿಚ್ಚೂಕೂ ನೀ ಅವರ ಹತ್ರ ಕೇಳ್ಬೇಕು.”

“ಕೇಳ್ದ್ರೆ ಆತು,” ಅಂದ ಅಪ್ಪ. “ನಂದೇ ಮಗಳಲ್ವಾ. ಎಂತ ಮಗಾ, ಇಲ್ಲೇ ಇಳ್ದೆ?”

ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟೆ. “ಒಂದು ಸಹಿ ಬೇಕಿತ್ತು.”

ಅಪ್ಪ ಕೈ ಒರೆಸಿಕೊಂಡು ಪೆನ್ನು ತೆಗೆದ. ಎಲ್ಲಿಗೆ ಸಹಿ ಎಂದು ಹುಡುಕುತ್ತ ಕಾಗದವನ್ನು ಬೆಳಕಿಗೆ ಹಿಡಿದ. ಆಮೇಲೆ ಕನ್ನಡಕ ಹಾಕಿಕೊಂಡು ಮೇಲಿನಿಂದ ಓದತೊಡಗಿದ. ಇಂಗ್ಲಿಷನ್ನು ಅವನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದುತ್ತಾನೆ. ತುಟಿ ನಿಂತದ್ದು ನೋಡಿ ಎಲ್ಲಿಗೆ ಬಂದಿದ್ದಾನೆಂದು ನನಗೆ ತಿಳಿಯಿತು.

“ಬೆಂಗ್ಳೂರು,” ಅಂದ.

“ಹೌದು. ಆ ಮಷಿನ್ನಿನ ಓದು. ಡಾಕ್ಟರ ಮಷಿನ್ ಬಂದಿತ್ತಲ್ಲ, ಆ ಥರದ್ದು. ಭಟ್ಕಳದಲ್ಲಿ ಅದು ಇಲ್ಲ.”

“ಇದು ಯಾವಾಗಿನ ವಿಚಾರ?”

ಈಗಿನದು ಎಂದು ಹೇಳಬಹುದಿತ್ತು. ಓದುತ್ತ ಓದುತ್ತ ಮನಸ್ಸು ಬದಲಾಯಿತು ಅಂದಿದ್ದರೆ ಅಪ್ಪ ನಂಬುತ್ತಿದ್ದ. ಆ ಉತ್ತರವೂ ಸಿದ್ಧವಾಗಿತ್ತು.

“ಮೊದಲಿಂದ,” ಅಂದೆ.

“ಮೊದಲಿಂದ ಹೇಳಿದ್ರೆ ಎಲ್ಲಿಂದ? ಪ್ರಸಾದ ಕೇಳೂಕೆ ಹೋದಾಗ?”

“ಆಗ್ಲೂ ಇತ್ತು.”

ಟೇಲರ್ ಮಾಮನ ಮೆಷಿನ್ನು ನಿಂತಿತು. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಇಸ್ತ್ರಿಪೆಟ್ಟಿಗೆಗೆ ಕಟ್ಟಿದ್ದ ಚೀಟಿಯನ್ನು ಬೆರಳಲ್ಲಿ ತಿರುಗಿಸಿದ. ಅದರ ಮೇಲೆ “ಸುಮ್ನೆ ಇಟ್ಟಲ್ಲೇ ಬಂದ್ ಆತು” ಎಂದಿತ್ತು.

“ನಾ ನಾಕು ವರ್ಷ ಹೇಳಿ ಕೇಳ್ದೆ. ನೀ ಅಲ್ಲೇ ನಿಂತಿದ್ದೆ.”

ಅವನು ಚೀಟಿಯನ್ನು ಕೈಬಿಟ್ಟ.

“ಬಿದ್ದದ್ದು ನೀ ಹೇಳ್ಲಿಲ್ಲ ಮಗಾ.”

ಧ್ವನಿ ಏರಿಸಲಿಲ್ಲ ಅವನು. ಗಿರಾಕಿಗಳ ಮೇಲೆ ಏರಿಸುವಷ್ಟು ಕೂಡ ಇಲ್ಲ. ಕಾಗದ ಸರಿಸಿಕೊಂಡು ಸಹಿ ಮಾಡಿದ. ಮಸಿ ಒಣಗಲೆಂದು ಊದಿ ನನ್ನ ಕಡೆಗೆ ತಳ್ಳಿದ. ಒಪ್ಪುವುದಿಲ್ಲ ಎಂದು ಅವನು ಹೇಳಿದರೆ ಏನು ಮಾಡಬೇಕೆಂದು ನಾನು ವರ್ಷವಿಡೀ ಯೋಚಿಸಿದ್ದೆ. ಒಪ್ಪಿದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

“ಓದೂಕೆ ಹೋಗು. ಅದಕ್ಕೆ ನಾ ಅಡ್ಡ ಇಲ್ಲ. ಅಂದೇ ಹೇಳಿದ್ರೂ ಅಡ್ಡ ಇರ್ತಿದ್ನೋ ಇಲ್ವೋ, ಅದು ಈಗ ನಿಂಗೂ ಗೊತ್ತಾಗ, ನಂಗೂ ಗೊತ್ತಾಗ,” ಅಂದ. ಪೆನ್ನಿನ ಮುಚ್ಚಳ ಹಾಕುತ್ತ, “ಗುನಗರ ಮೊಕ ನಾ ಹ್ಯಾಂಗೆ ನೋಡೂದು? ಅಮ್ಮನೋರ ಮುಂದೆ ಸುಳ್ಳು ಮಾತು ಕೇಳ್ಸಿದವ ನಾನು.”

“ನಾನು ಹೇಳ್ತೆ ಅವರಿಗೆ.”

ನಾನು ಯಾರಿಗಾದರೂ ಏನನ್ನಾದರೂ ಹೇಳುತ್ತೇನೆ ಎಂಬುದನ್ನು ಅಪ್ಪ ನಂಬಿದಂತೆ ಕಾಣಲಿಲ್ಲ. ಇಸ್ತ್ರಿಪೆಟ್ಟಿಗೆಯ ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಿಂದ ಒಂದೊಂದಾಗಿ ಎತ್ತಿಕೊಳ್ಳತೊಡಗಿದ. ಟೇಲರ್ ಮಾಮ ಎದ್ದು ಬಂದು ನನ್ನ ಚೀಲವನ್ನು ಎತ್ತಿಕೊಟ್ಟ. “ಬಸ್ಸಿಗೆ ಹೊತ್ತಾತು, ಹೋಗು ಬಾಯಿ,” ಅಂದ. ಆ ದಿನ ಅವನಿಗೂ ತಮಾಷೆ ಬೇಡವಾಗಿತ್ತು.

ಸಂಜೆ ಆಯಿ, ನನ್ನ ತಾಯಿ, ಬಂಗಡೆ ಸಾರು ಬಡಿಸಿದಳು. ಅಪ್ಪ ಉಂಡು ಎದ್ದ. ಬೇರೆ ದಿನ ಕಾಲೇಜಿನಲ್ಲಿ ಇವತ್ತು ಏನು ಹೇಳಿಕೊಟ್ಟರು ಎಂದು ಕೇಳುತ್ತಿದ್ದ. ಅರ್ಥವಾದಷ್ಟು ಕೇಳಿ ತನ್ನ ಅಂಗಡಿಯ ಒಂದು ಉದಾಹರಣೆ ಕೊಡುತ್ತಿದ್ದ. ಅವನು ಅಂಗಳಕ್ಕೆ ಹೋದ ಮೇಲೆ ಆಯಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, “ಈ ಹುಡ್ಗಿಗೆ ಬಾಯಿಲ್ಲ ಹೇಳಿ ನಾವು ತಿಳ್ಕಂಡಿದ್ದು. ಬಾಯಿ ಅದೆ. ಬೀಗ ಹಾಕಿಟ್ಟಿದ್ದು,” ಅಂದಳು. “ಕೀಲಿಕೈ ಯಾರ ಹತ್ರ ಅದೆ ಹೇಳಿ ಅಷ್ಟು ಹೇಳು, ನಾ ಹೋಗಿ ಕೇಳ್ಕಂಡು ಬತ್ತೆ.”

“ಆಯಿ, ಸಾಕು.”

“ನಂಗೆಂತ. ನೀ ಬೆಂಗ್ಳೂರಲ್ಲಾದ್ರೂ ಬಾಯಿ ಬಿಡು. ಅಲ್ಲಿ ನಿನ್ನ ಮೊಕ ನೋಡಿ ಹಸಿವೋ ಜ್ವರವೋ ತಿಳ್ಕಂಬವರು ಯಾರೂ ಇಲ್ಲ.”

ಆಮೇಲಿನ ವರ್ಷಗಳಲ್ಲಿ ಅಪ್ಪ ಎಂದಿನಂತೆ ಗುಡಿಗೆ ಹೋಗುತ್ತಿದ್ದ. ಅಂಗಡಿ ಬೇರೆ ಜಾಗಕ್ಕೆ ಹೋಗುವಾಗ, ಮನೆಯ ಹೆಂಚಿನ ಮಾಡು ತೆಗೆಸುವಾಗ ಪ್ರಸಾದ ಕೇಳಿದ. ನನ್ನ ವಿಷಯಕ್ಕೆ ಮಾತ್ರ ಮತ್ತೆ ಎಂದೂ ಕೇಳಲಿಲ್ಲ. ನನಗೆ ಆಸ್ಪತ್ರೆಯ ಯಂತ್ರಗಳ ಕೆಲಸ ಸಿಕ್ಕಾಗಲೂ ಇಲ್ಲ, ಮದುವೆಯ ಮಾತು ಬಂದಾಗಲೂ ಇಲ್ಲ. “ಅದು ಅವಳನ್ನೇ ಕೇಳ್ಬೇಕು,” ಎಂದು ಆಯಿಗೆ ಹೇಳುತ್ತಿದ್ದನಂತೆ. ಹೊರಗಿನವರ ಕಿವಿಗೆ ಇದು ಮಗಳಿಗೆ ಕೊಟ್ಟ ಸ್ವಾತಂತ್ರ್ಯ. ನನಗೆ ಹಾಗೆ ಕೇಳಿಸುವುದಿಲ್ಲ.

ಸಹಿಯಾದ ಮರುದಿನ ಬೆಳಿಗ್ಗೆ ನಾನು ಆರು ಗಂಟೆಗೇ ಗುಡಿಗೆ ಹೋದೆ. ಕೈಯಲ್ಲಿ ಒಂದು ತೆಂಗಿನಕಾಯಿ, ಹೆಗಲಿಗೆ ಕಾಲೇಜಿನ ಚೀಲ. ಗುನಗರು ಜಗಲಿಯಲ್ಲಿ ಕೂತು ಕೇಪಳದ ತೊಟ್ಟು ಕೀಳುತ್ತಿದ್ದರು. ಬಾವಿಯ ವಿಷಯ ಕೇಳಲು ಬಂದ ಗಂಡಸೊಬ್ಬ ಕಂಬಕ್ಕೆ ಒರಗಿ ನಿಂತಿದ್ದ. ನಮ್ಮ ಕೇರಿಯ ಇಬ್ಬರು ಹೆಂಗಸರು ಮೆಟ್ಟಿಲ ಮೇಲಿದ್ದರು. ಅವರೆಲ್ಲ ಹೋಗಲಿ ಎಂದು ಕಾಯೋಣ ಅನ್ನಿಸಿತು. ಕಾದರೆ ಹೇಳುವುದಿಲ್ಲ ಎಂದೂ ಗೊತ್ತಿತ್ತು.

“ಗುನಗಜ್ಜಾ,” ಅಂದೆ, “ಹೋದ ವರ್ಷ ಅಪ್ಪ ನನ್ನ ಓದಿನ ಪ್ರಸಾದ ಕೇಳಿದ್ದ. ನಾಕು ವರ್ಷ ಭಟ್ಕಳದಲ್ಲಿ ಹೇಳಿ. ಅಪ್ಪ ಸುಳ್ಳು ಕೇಳ್ಸಿದ್ದಲ್ಲ. ನಂಗೆ ಆಗ್ಲೇ ಒಂದೇ ವರ್ಷ ಹೇಳಿ ಗೊತ್ತಿತ್ತು. ನಾನು ಹೇಳ್ಲಿಲ್ಲ.”

ಮೆಟ್ಟಿಲ ಮೇಲಿನ ಹೆಂಗಸರು ಈ ಕಡೆ ತಿರುಗಿದರು. ಗುನಗರು ಕೈಯಲ್ಲಿದ್ದ ಹೂವಿನ ತೊಟ್ಟು ಕಿತ್ತು ಮುಗಿಸಿದರು.

“ನೀ ಹೇಳ್ಲಿಲ್ಲ ಹೇಳಿ ಅಮ್ಮನೋರಿಗೆ ತಿಳೀಲಿಲ್ಲ ಹೇಳಿ ತಿಳ್ಕಂಡ್ಯಾ?” ಅಂದರು. “ಅವಳಿಗೆ ಗೊತ್ತು. ಗೊತ್ತಿಲ್ಲದೆ ಹೋದದ್ದು ನಿನ್ನ ಅಪ್ಪಗೆ. ಕಾಯಿ ಅಲ್ಲಿ ತಪ್ಪುಕಾಣಿಕೆ ಹೇಳಿ ಇಡು. ಮತ್ತೆ, ಬೆಂಗ್ಳೂರಿನ ಮಾತು ಬೇರೆ ಮಾತಾತು. ಕೇಳೂದಿದ್ರೆ ಕೇಳ್ತೆ.”

ನೀರಿನ ತಟ್ಟೆಯಲ್ಲಿ ಹೂಗಳು ತೇಲುತ್ತಿದ್ದವು. ಎಡ ಬಿದ್ದರೆ ಏನು ಮಾಡುತ್ತೇನೆಂದು ನನಗೆ ತಿಳಿದಿತ್ತು.

“ಬೇಡ ಅಜ್ಜಾ,” ಅಂದೆ. “ನಾನು ಹೋಗೂದೇ.”

ಕಾಯಿಯನ್ನು ಬಾಳೆಲೆಯ ಮೇಲಿಟ್ಟು, ಕೈಮುಗಿದು, ನಿಲ್ದಾಣಕ್ಕೆ ನಡೆದೆ. ಅಪ್ಪ ಆ ದಿನ ಆ ಬಸ್ಸಿಗೆ ಬರಲಿಲ್ಲ. ಒಪ್ಪಿಗೆ ಪತ್ರ ಕೇಳಲು ಭಟ್ಕಳಕ್ಕೆ ಹೊರಟವಳು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತೆ. ಕಂಡಕ್ಟರು ಬಂದಾಗ ಪಾಸು ತೋರಿಸಿದೆ. ಅದರಲ್ಲಿ ಇನ್ನೂ ಹನ್ನೊಂದು ದಿನ ಉಳಿದಿತ್ತು.